ಬಿಂಬುಳಿ ಜ್ಯೂಸ್, ಎಲ್‌ಡಿಎಲ್ 142, ಕ್ರಿಯಾಟಿನಿನ್ 1.2: ಮೂರನ್ನೂ ಒಟ್ಟಿಗೆ ಓದುವುದು ಹೇಗೆ?

ಮನೆಆರೈಕೆ_ಬಂಟ್ವಾಳ:

ಪ್ರಾಯದವರ ಮನೆಗಳಿಂದ ಇಲ್ಲಿಗೆ ಬರುವ ಪ್ರಶ್ನೆಗಳು ಹೆಚ್ಚಾಗಿ "ಕೊಲೆಸ್ಟ್ರಾಲ್ ಜಾಸ್ತಿ ಉಂಟು, ಎಂಥ ಕೊಡುವುದು?" ಎಂದೇ ಶುರುವಾಗುತ್ತವೆ. ರಿಪೋರ್ಟಿನ ಉಳಿದ ಪುಟಗಳನ್ನು ಯಾರೂ ಹಾಕುವುದಿಲ್ಲ. ಹೃದಯಕ್ಕೆಂದು ಕೊಟ್ಟದ್ದು ಕಿಡ್ನಿಗೆ ಪೆಟ್ಟು ಕೊಡುವುದು ಆ ಹಾಕದೆ ಬಿಟ್ಟ ಪುಟಗಳಿಂದಲೇ. ಅದಕ್ಕಾಗಿ ಒಂದು ಮಾದರಿ ರಿಪೋರ್ಟ್ ಕಟ್ಟಿದ್ದೇನೆ. ಇದು ಯಾರದ್ದೂ ಅಲ್ಲ, ನಮ್ಮ ಕಡೆ ಪದೇ ಪದೇ ಕಾಣುವ ಸಂಗತಿಗಳನ್ನು ಒಬ್ಬರ ಮೇಲೆ ಹೇರಿದ್ದು.

72 ವರ್ಷದ ಹೆಂಗಸು, ತೂಕ 54 ಕೆ.ಜಿ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಉಂಟು. ಹೃದಯಾಘಾತ, ಪಾರ್ಶ್ವವಾಯು ಆದದ್ದಿಲ್ಲ. ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 44, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) 210, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 142. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.2 (ಲ್ಯಾಬಿನವರು "ನಾರ್ಮಲ್" ಎಂದು ಬರೆದಿದ್ದಾರೆ). ಪೊಟ್ಯಾಸಿಯಂ 5.2. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 7.6, ಹಿಮೋಗ್ಲೋಬಿನ್ 10.4. ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 85. ಬಿಪಿ 148/78.

ಮದ್ದು: ಬಿಪಿಗೆ ಟೆಲ್ಮಿಸಾರ್ಟಾನ್ 40, ಕ್ಲೋರ್ಥಾಲಿಡೋನ್ 12.5; ಸಕ್ಕರೆಗೆ ಮೆಟ್‌ಫಾರ್ಮಿನ್ 1000 ಎರಡು ಹೊತ್ತು, ಗ್ಲಿಮೆಪಿರೈಡ್ 2. ಮೊಣಕಾಲು ನೋವಿಗೆ ವಾರಕ್ಕೆ ಮೂರ್ನಾಲ್ಕು ಡೈಕ್ಲೋಫೆನಾಕ್. ಕೊಲೆಸ್ಟ್ರಾಲಿಗೆ ಮಾತ್ರೆ ಬೇಡವೆಂದು ದಿನಾ ಬೆಳಿಗ್ಗೆ ಒಂದು ಲೋಟ ಬಿಂಬುಳಿ (ಬಿಲಿಂಬಿ ಎಂಬ ಹುಳಿಕಾಯಿ) ಜ್ಯೂಸ್.

ನೀವಾದರೆ ಎಲ್ಲಿಂದ ಶುರುಮಾಡುತ್ತೀರಿ?

ಕಿಡ್ನಿವಾರ್ಡ್_ಕುಡ್ಲ:

ಬಿಂಬುಳಿ ಜ್ಯೂಸ್ ಇವತ್ತೇ ನಿಲ್ಲಿಸಬೇಕು, ಡೈಕ್ಲೋಫೆನಾಕ್ ಕೂಡ. ಉಳಿದದ್ದು ಆಮೇಲೆ.

ಬಿಂಬುಳಿಯಲ್ಲಿ ಆಕ್ಸಲಿಕ್ ಆಮ್ಲ ವಿಪರೀತ. ಊಟದ ಜೊತೆ ಸ್ವಲ್ಪ ಹೋದರೆ ಊಟದಲ್ಲಿರುವ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಖಾಲಿ ಹೊಟ್ಟೆಗೆ ಹಿಂಡಿದ ರಸ ಹೋದರೆ ಹಿಡಿಯಲಿಕ್ಕೆ ಅಲ್ಲಿ ಏನೂ ಇಲ್ಲ. ನೇರ ರಕ್ತಕ್ಕೆ ಬಂದು, ಕಿಡ್ನಿಯಲ್ಲಿ ಸೋಸುವಾಗ ಕ್ಯಾಲ್ಸಿಯಂ ಜೊತೆ ಸೇರಿ ಸಣ್ಣ ಸಣ್ಣ ನಾಳಗಳಲ್ಲಿ ಹರಳುಗಟ್ಟುತ್ತದೆ. ಇದು ಸ್ಕ್ಯಾನಿನಲ್ಲಿ ಕಾಣುವ ಕಲ್ಲಲ್ಲ, ಒಳಗೊಳಗೇ ಆಗುವ ಗಾಯ. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೈಕೊಟ್ಟ 10 ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ನಮ್ಮಲ್ಲೂ ಹಿತ್ತಿಲಲ್ಲಿ ಬಿಂಬುಳಿ ಮರ ಇಲ್ಲದ ಮನೆ ಕಡಿಮೆ, ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಾಕರಿಕೆ, ಬಿಕ್ಕಳಿಕೆ, ಸೊಂಟದ ಪಕ್ಕೆ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಅದೇ ದಿನ ಕ್ರಿಯಾಟಿನಿನ್ ನೋಡಿಸಬೇಕು. ಏನೂ ಕಾಣದಿದ್ದರೂ ಜ್ಯೂಸ್ ನಿಲ್ಲಿಸಿ ಒಂದು ವಾರದೊಳಗೆ ಇನ್ನೊಮ್ಮೆ ನೋಡಿಸಿ. ಈ 1.2 ಮೊದಲಿನಿಂದ ಇದ್ದದ್ದಾ, ಏರುತ್ತಾ ಇರುವುದಾ ಎಂದು ಒಂದೇ ರಿಪೋರ್ಟಿನಲ್ಲಿ ತಿಳಿಯುವುದಿಲ್ಲ.

ಮೀನುಪ್ರಿಯ_ಮಲ್ಪೆ:

ಪದಾರ್ಥಕ್ಕೆ ನಾಲ್ಕು ಬಿಂಬುಳಿ ಹಾಕಿದರೂ ತೊಂದರೆಯಾ ಮಾರಾಯ್ರೆ?

ಕಿಡ್ನಿವಾರ್ಡ್_ಕುಡ್ಲ:

ಕಿಡ್ನಿ ಸರಿ ಇರುವವರಿಗೆ ಇಡೀ ಮನೆಯ ಮೀನು ಸಾರಿಗೆ ನಾಲ್ಕು ಹಾಕಿದರೆ ಹೆದರಬೇಕಾಗಿಲ್ಲ. ತೊಂದರೆ ಕೊಡುವುದು ಹತ್ತಿಪ್ಪತ್ತು ಕಾಯಿ ಹಿಂಡಿದ ರಸ. ಮಾದರಿ ರಿಪೋರ್ಟಿನವರಂಥವರಿಗೆ ಸಾರಿಗೂ ಬೇಡ, ಪುನರ್ಪುಳಿಯೋ ಮಾವಿನಕಾಯಿಯೋ ಹಾಕಿ. ಇದೇ ಜಾತಿಯ ದಾರೆಹುಳಿ (ಸ್ಟಾರ್ ಫ್ರೂಟ್) ಇನ್ನೂ ಅಪಾಯ. ಅದರಲ್ಲಿ ಆಕ್ಸಲೇಟ್ ಅಲ್ಲದೆ ನರಕ್ಕೆ ವಿಷವಾಗುವ ಇನ್ನೊಂದು ಅಂಶವೂ ಉಂಟು. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಕಾಯಿಲೆ ಮುಂದುವರಿದವರಿಗೆ, ಡಯಾಲಿಸಿಸಿನಲ್ಲಿ ಇರುವವರಿಗೆ ಒಂದು ಹಣ್ಣಿನಿಂದಲೇ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು.

ಲ್ಯಾಬ್‌ಬೆಂಚ್_ಮಣಿಪಾಲ:

ಕ್ರಿಯಾಟಿನಿನ್ ವಿಷಯಕ್ಕೆ ಬರುತ್ತೇನೆ. ಆ "ನಾರ್ಮಲ್" ಎಂಬ ಮಾತು ಪ್ರಾಯದವರಿಗೆ ತುಂಬ ಅನ್ಯಾಯ ಮಾಡುತ್ತದೆ.

ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಪ್ರಾಯವಾದಂತೆ ಸ್ನಾಯು ಕರಗುತ್ತದೆ, ಹಾಗಾಗಿ ಕಿಡ್ನಿ ಕುಗ್ಗಿದ್ದರೂ ಅಂಕಿ ಏರುವುದಿಲ್ಲ. 2021ರ ಸಿಕೆಡಿ-ಎಪಿ ಸೂತ್ರದಲ್ಲಿ ಹಾಕಿ ನೋಡಿ: 1.2 ಇರುವ 30 ವರ್ಷದ ಗಂಡಸಿಗೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ವೇಗವಾಗಿ ಸೋಸುತ್ತದೆ ಎಂಬ ಅಂದಾಜು) ಸುಮಾರು 83, ಅದೇ 1.2 ಇರುವ 72 ವರ್ಷದ ಗಂಡಸಿಗೆ 64, ಇಲ್ಲಿರುವ 72ರ ಹೆಂಗಸಿಗೆ 48. ಅಂಕಿ ಒಂದೇ, ಕಿಡ್ನಿ ಮೂರು ಥರ. ತುಂಬ ಸೊರಗಿದವರಲ್ಲಿ ಈ 48 ಕೂಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿರಬಹುದು. ಅಂಥವರಿಗೆ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ನೋಡಿದರೆ ನಿಜ ತಿಳಿಯುತ್ತದೆ.

ಮೂತ್ರದ ಅಲ್ಬುಮಿನ್ 30ರೊಳಗೆ ಇರಬೇಕು, 30ರಿಂದ 300 ಎಂದರೆ ಕಿಡ್ನಿಯಿಂದ ಪ್ರೋಟೀನ್ ಸೋರಿಕೆ ಶುರುವಾಗಿದೆ ಎಂದು ಅರ್ಥ. ಆದರೆ ಒಂದೇ ಸಲದ 85 ನೋಡಿ ಮುದ್ರೆ ಒತ್ತಬೇಡಿ. ಜ್ವರ, ಮೂತ್ರದ ಸೋಂಕು ಇದ್ದರೂ ಏರುತ್ತದೆ. ಬೆಳಗ್ಗಿನ ಮೊದಲ ಮೂತ್ರದಲ್ಲಿ, ಮೂರು ತಿಂಗಳ ಅವಧಿಯಲ್ಲಿ ಮೂರು ಸಲ ನೋಡಿ ಎರಡು ಸಲ ಹೆಚ್ಚಿದ್ದರೆ ಖಾತ್ರಿ. ಇಜಿಎಫ್‌ಆರ್ 60ರ ಕೆಳಗೆ ಇರುವುದಕ್ಕೂ ಇದೇ ಮಾತು: ಮೂರು ತಿಂಗಳು ಹಾಗೇ ಉಳಿದರೆ ಮಾತ್ರ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುವುದು.

ಪೊಟ್ಯಾಸಿಯಂ 5.2 ನೋಡಿದ ಕೂಡಲೇ ಮದ್ದು ಬದಲಿಸುವ ಮೊದಲು ರಕ್ತ ತೆಗೆದದ್ದು ಎಲ್ಲಿ ಎಂದು ಕೇಳಿ. ಹಳ್ಳಿಯ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ಸೀರಂ ಬೇರೆ ಮಾಡದೆ ನಾಲ್ಕೈದು ಗಂಟೆ ಹಾಗೇ ಇದ್ದರೆ, ಫ್ರಿಜ್ಜಿನಲ್ಲಿ ಇಟ್ಟರೆ, ಕಣಗಳಿಂದ ಪೊಟ್ಯಾಸಿಯಂ ಹೊರಗೆ ಸೋರಿ ಸುಳ್ಳು ಏರಿಕೆ ತೋರಿಸುತ್ತದೆ. ನರ ಸಿಗಲಿಲ್ಲವೆಂದು ಪಟ್ಟಿ ಬಿಗಿಯಾಗಿ ಕಟ್ಟಿ ಮುಷ್ಟಿ ಬಿಗಿ-ಸಡಿಲ ಮಾಡಿಸಿದರೂ ಏರುತ್ತದೆ. ಇನ್ನೊಮ್ಮೆ ಲ್ಯಾಬಿನಲ್ಲೇ ಕೊಟ್ಟು ನೋಡುವುದು ಒಳ್ಳೆಯದು.

ಎಲ್‌ಡಿಎಲ್ 142 ಅಳೆದದ್ದಲ್ಲ, ಲೆಕ್ಕದಿಂದ ಬಂದದ್ದು. 228ರಿಂದ ಎಚ್‌ಡಿಎಲ್ 44 ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು 42 ಕಳೆಯಿರಿ. 1972ರ ಫ್ರೀಡ್‌ವಾಲ್ಡ್ ಸೂತ್ರ ಇದು. ಟ್ರೈಗ್ಲಿಸರೈಡ್ 400 ದಾಟಿದರೆ ಇದು ನಡೆಯುವುದಿಲ್ಲ. ಮಾತ್ರೆಯಿಂದ ಎಲ್‌ಡಿಎಲ್ 70ಕ್ಕಿಂತ ಇಳಿದಾಗಲೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೆ ಸಕ್ಕರೆ ಕಾಯಿಲೆ ಇರುವವರಲ್ಲಿ ನಾನ್-ಎಚ್‌ಡಿಎಲ್ ನೋಡಿ: ಒಟ್ಟಿನಿಂದ ಎಚ್‌ಡಿಎಲ್ ಕಳೆದರಾಯಿತು, ಇಲ್ಲಿ 184. ಇದಕ್ಕೆ ಉಪವಾಸವೂ ಬೇಡ.

ಎಚ್‌ಬಿಎ1ಸಿ 7.6ನ್ನೂ ಹಿಮೋಗ್ಲೋಬಿನ್ 10.4ರ ಪಕ್ಕದಲ್ಲಿ ಇಟ್ಟು ಓದಬೇಕು. ಕಬ್ಬಿಣದ ಕೊರತೆ ಇದ್ದರೆ ಸಕ್ಕರೆ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಗ್ಲೂಕೋಮೀಟರಿನಲ್ಲಿ ಒಂದು ವಾರ ಬೇರೆ ಬೇರೆ ಹೊತ್ತಿಗೆ ನೋಡಿ ಹೋಲಿಸಿ.

ಔಷಧಶಾಲೆ_ಕುಂದಾಪುರ:

ಲ್ಯಾಬಿನವರು ಒಂದು ಬಿಟ್ಟರು: ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ. ಥೈರಾಯ್ಡ್ ಕಡಿಮೆ ಇದ್ದರೆ ಎಲ್‌ಡಿಎಲ್ ಏರುತ್ತದೆ, ಅದನ್ನು ಸರಿಮಾಡಿದರೆ ತಾನಾಗಿ ಸುಮಾರು ಇಳಿಯುತ್ತದೆ. ಥೈರಾಯ್ಡ್ ನೋಡದೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಹಾಕಿದರೆ ಸ್ನಾಯು ನೋವು ಬರುವ ಸಂಭವವೂ ಜಾಸ್ತಿ.

ಈಗ ಡೈಕ್ಲೋಫೆನಾಕ್. ಈ ಚೀಟಿಯಲ್ಲಿ ನನಗೆ ಕಾಣುವ ದೊಡ್ಡ ಗಂಡಾಂತರ ಇದು. ಕಿಡ್ನಿಯ ಸೋಸುವ ಗಂಟಿಗೆ ರಕ್ತ ಬರುವ ನಾಳವನ್ನು ಡೈಕ್ಲೋಫೆನಾಕ್ ಕುಗ್ಗಿಸುತ್ತದೆ. ಹೊರಗೆ ಹೋಗುವ ನಾಳವನ್ನು ಟೆಲ್ಮಿಸಾರ್ಟಾನ್ ಹಿಗ್ಗಿಸುತ್ತದೆ. ಕ್ಲೋರ್ಥಾಲಿಡೋನ್ ಮೈಯ ನೀರನ್ನೇ ಕಡಿಮೆ ಮಾಡುತ್ತದೆ. ಬರುವುದು ಕಡಿಮೆ, ಹೋಗುವುದು ಸಲೀಸು, ಒಟ್ಟು ನೀರೂ ಕಡಿಮೆ. ಸೋಸಲಿಕ್ಕೆ ಬೇಕಾದ ಒತ್ತಡ ಉಳಿಯುವುದೇ ಇಲ್ಲ. ಏಪ್ರಿಲ್-ಮೇ ಸೆಕೆಯಲ್ಲಿ ಬೆವರಿ, ಅಥವಾ ಮಳೆಗಾಲದಲ್ಲಿ ಭೇದಿಯಾಗಿ ಮೈ ಒಣಗಿದ ದಿನ ಇದು ಆಗುವುದು. ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಎಟೋರಿಕಾಕ್ಸಿಬ್ ಎಲ್ಲವೂ ಇದೇ ಗುಂಪು. "ಪ್ಯಾರಾಸಿಟಮಾಲ್ ಮಾತ್ರ" ಎಂದು ಕೇಳಿ ತಂದ ಸ್ಟ್ರಿಪ್ಪಿನಲ್ಲೂ ಅಸೆಕ್ಲೋಫೆನಾಕ್ ಸೇರಿರಬಹುದು, ಹಿಂಬದಿಯ ಸಣ್ಣ ಅಕ್ಷರ ಓದಿ. ಮೊಣಕಾಲಿಗೆ ಪ್ಯಾರಾಸಿಟಮಾಲ್ 500 ಅಥವಾ 650, ದಿನಕ್ಕೆ ಮೂರು ಸಲದ ಒಳಗೆ, ಜೊತೆಗೆ ಮೇಲೆ ಹಚ್ಚುವ ಜೆಲ್. ಜೆಲ್ಲಿನಿಂದ ರಕ್ತಕ್ಕೆ ಹೋಗುವುದು ಮಾತ್ರೆಗಿಂತ ಬಹಳ ಕಡಿಮೆ.

ಸ್ಟ್ಯಾಟಿನ್ ಬೇಕಾ ಎಂದರೆ ಬೇಕು. ಸಕ್ಕರೆ ಕಾಯಿಲೆಯೂ ಉಂಟು, ಕಿಡ್ನಿಯೂ ಕುಗ್ಗಿದೆ. ಭಾರತೀಯ ಹೃದ್ರೋಗ ಸೊಸೈಟಿ 2024ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಸಕ್ಕರೆ ಕಾಯಿಲೆಯಂಥ ಹೆಚ್ಚಿನ ಅಪಾಯದವರಿಗೆ ಎಲ್‌ಡಿಎಲ್ 70ರ ಕೆಳಗೆ, ನಾನ್-ಎಚ್‌ಡಿಎಲ್ 100ರ ಕೆಳಗೆ. ಹೃದಯಾಘಾತ ಆದವರಿಗೆ 55 ಮತ್ತು 85. ಏನೂ ಇಲ್ಲದವರಿಗೆ 100 ಮತ್ತು 130. ಲ್ಯಾಬ್ ಕಾಗದದ ಬದಿಯಲ್ಲಿ ಅಚ್ಚು ಹಾಕಿದ ಮಿತಿ ಎಲ್ಲರಿಗೂ ಒಂದೇ, ಅದನ್ನು ನಂಬಿ ಕೂರಬೇಡಿ.

ಅಟೋರ್ವಾಸ್ಟಾಟಿನ್ 20 ಎಂದರೆ ಎಲ್‌ಡಿಎಲ್ ನೂರಕ್ಕೆ 40ರ ಮೇಲೆ ಇಳಿಯುತ್ತದೆ, 142 ಇದ್ದದ್ದು 81ರ ಹತ್ತಿರ ಬರಬಹುದು. ಡೋಸ್ 40 ಮಾಡಿದರೆ ಮತ್ತೆ ಸಿಗುವುದು ಆರೇ ಶೇಕಡಾ, 72ರ ಆಸುಪಾಸು. ಡೋಸ್ ಇಮ್ಮಡಿ ಮಾಡಿದಷ್ಟೂ ಆರಾರೇ ಶೇಕಡಾ. ಅದರ ಬದಲು 20ರ ಜೊತೆ ಎಜೆಟಿಮೈಬ್ 10 ಸೇರಿಸಿದರೆ ಉಳಿದದ್ದರಲ್ಲಿ ಐದನೇ ಒಂದು ಪಾಲು ಕಡಿಮೆಯಾಗಿ 65ರ ಹತ್ತಿರ. ಪ್ರಾಯದವರಿಗೆ ಈ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಮೈಕೈ ನೋವಿನ ತಕರಾರು ಕಡಿಮೆ. ಅಟೋರ್ವಾಸ್ಟಾಟಿನ್‌ಗೆ ಕಿಡ್ನಿ ನೋಡಿ ಡೋಸ್ ಇಳಿಸಬೇಕಾಗಿಲ್ಲ. ರೋಸುವಾಸ್ಟಾಟಿನ್ ಆದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗದ ಇನ್ನೊಂದು ಅಳತೆ) 30ರ ಕೆಳಗೆ ಇರುವವರಿಗೆ 5ರಿಂದ ಶುರು, 10 ದಾಟಬಾರದು.

ಹಗಲು-ರಾತ್ರಿ ಎಂಬ ಚರ್ಚೆ ಈ ಎರಡಕ್ಕೆ ಬೇಡ, ನೆನಪು ಉಳಿಯುವ ಹೊತ್ತಿಗೆ ಕೊಡಿ. ಸಿಮ್ವಾಸ್ಟಾಟಿನ್ ಮಾತ್ರ ರಾತ್ರಿ, ಅಮ್ಲೋಡಿಪಿನ್ ತಿನ್ನುವವರಿಗೆ ಅದು 20 ಮಿ.ಗ್ರಾಂ ದಾಟಬಾರದು.

ಮನೆಆರೈಕೆ_ಬಂಟ್ವಾಳ:

ಮೈಕೈ ನೋವು ಬಂತೆಂದು ತಾವೇ ಬಿಟ್ಟುಬಿಡುವವರು ತುಂಬ ಮಂದಿ. ಅದು ನಿಜವಾಗಿ ಮಾತ್ರೆಯದ್ದಾ ಎಂದು ತಿಳಿಯುವುದು ಹೇಗೆ?

ಔಷಧಶಾಲೆ_ಕುಂದಾಪುರ:

ಮಾತ್ರೆಯದ್ದಾದರೆ ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಭುಜ, ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ಕೆಲವು ವಾರಗಳಲ್ಲಿ. ಒಂದೇ ಮೊಣಕಾಲು, ಒಂದೇ ಹೆಗಲು ನೋವಾದರೆ ಅದು ಕೀಲಿನದ್ದು. ಸಿಕೆ (ಸ್ನಾಯುವಿನ ಗಾಯ ತೋರಿಸುವ) ಪರೀಕ್ಷೆ, ಟಿಎಸ್‌ಎಚ್, ವಿಟಮಿನ್ ಡಿ ನೋಡಿಸಿ. ವೈದ್ಯರಿಗೆ ಹೇಳಿ ಎರಡು-ನಾಲ್ಕು ವಾರ ನಿಲ್ಲಿಸಿ, ನೋವು ಹೋದರೆ ಕಡಿಮೆ ಡೋಸಿನಲ್ಲಿ ಮತ್ತೆ ಶುರು. 2020ರಲ್ಲಿ ಬಂದ ಸ್ಯಾಮ್ಸನ್ ಎಂಬ ಪ್ರಯೋಗದಲ್ಲಿ, ನೋವೆಂದು ಸ್ಟ್ಯಾಟಿನ್ ಬಿಟ್ಟವರಿಗೆ ತಿಂಗಳು ಬದಲಿಸಿ ಸ್ಟ್ಯಾಟಿನ್ ಮತ್ತು ಖಾಲಿ ಮಾತ್ರೆ ಕೊಟ್ಟು ನೋಡಿದರು. ಸ್ಟ್ಯಾಟಿನ್ ತಿಂಗಳಲ್ಲಿ ಆದ ತೊಂದರೆಯ 90 ಶೇಕಡಾ ಖಾಲಿ ಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳಲ್ಲ. ಕಾರಣ ಮಾತ್ರೆ ಅಲ್ಲದಿರಬಹುದು, ಅಷ್ಟೆ.

ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ಏಳಲಿಕ್ಕೆ ಆಗದಷ್ಟು ಸೋತರೆ ಮಾತ್ರ ತಡ ಮಾಡಬೇಡಿ, ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ. ಎದೆ ಸೋಂಕಿಗೆ ಕ್ಲಾರಿಥ್ರೋಮೈಸಿನ್ ಬರೆದರೆ ಅಟೋರ್ವಾಸ್ಟಾಟಿನ್ ತಿನ್ನುತ್ತಿರುವುದನ್ನು ಹೇಳಿ, ಎರಡು ಸೇರಿದರೆ ಸ್ಟ್ಯಾಟಿನ್ ರಕ್ತದಲ್ಲಿ ಏರಿ ಹೀಗಾಗುವುದುಂಟು.

ಇನ್ನೊಂದು: ಇಬ್ಬರು ಡಾಕ್ಟರ ಹತ್ತಿರ ತೋರಿಸುವವರ ಚೀಲದಲ್ಲಿ ಎರಡು ಬ್ರ್ಯಾಂಡಿನ ಅಟೋರ್ವಾಸ್ಟಾಟಿನ್ ಸಿಗುವುದು ಅಪರೂಪವಲ್ಲ. ಕೆಲವು ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್ ಸೇರಿರುತ್ತದೆ. ಹೃದಯದ ಕಾಯಿಲೆ ಇಲ್ಲದ 70 ದಾಟಿದವರಿಗೆ "ಇರಲಿ" ಎಂದು ಆಸ್ಪಿರಿನ್ ಕೊಡುವ ಪದ್ಧತಿ ಈಗಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೇ ಹೆಚ್ಚು. ಹಿಮೋಗ್ಲೋಬಿನ್ 10.4 ಇದ್ದಾಗ ಅಂತೂ ಮೊದಲು ನೋಡಬೇಕಾದದ್ದು ಇದನ್ನೇ. ಜನೌಷಧಿ ಕೇಂದ್ರದ ಸ್ಟ್ರಿಪ್ಪಿನಲ್ಲಿ ಮದ್ದಿನ ಹೆಸರೇ ಎದ್ದು ಕಾಣುವುದರಿಂದ ಈ ಗೊಂದಲ ಕಡಿಮೆ.

ತೆಂಗಿನತೋಟ_ಕಾಪು:

ಎಲ್ಲ ಸರಿ. ಆದರೆ ಈ ಚರ್ಚೆ ಕೊನೆಗೆ ತೆಂಗಿನೆಣ್ಣೆಗೆ ಬಂದು ನಿಲ್ಲುತ್ತದೆ ಎಂದು ಗೊತ್ತು. ಕರಾವಳಿಯವರು ತಲೆತಲಾಂತರದಿಂದ ತಿಂದದ್ದು ಅದನ್ನೇ. ಎಚ್‌ಡಿಎಲ್ ಏರಿಸುತ್ತದೆ ಎಂದೂ ಹೇಳುತ್ತಾರಲ್ಲ?

ಪಥ್ಯ_ಉಡುಪಿ:

ಏರಿಸುತ್ತದೆ, ನಿಜ. ಎಲ್‌ಡಿಎಲ್‌ ಅನ್ನೂ ಏರಿಸುತ್ತದೆ, ಅದಕ್ಕಿಂತ ಹೆಚ್ಚು. ಹಲವು ಪ್ರಯೋಗಗಳನ್ನು ಒಟ್ಟು ಮಾಡಿದ 2020ರ ವಿಶ್ಲೇಷಣೆಯಲ್ಲಿ, ಶೇಂಗಾ-ಸೋಯಾದಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆಯಿಂದ ಎಲ್‌ಡಿಎಲ್ ಸುಮಾರು 10, ಎಚ್‌ಡಿಎಲ್ 4 ಏರಿತ್ತು. ಎಚ್‌ಡಿಎಲ್ ಏರಿಸುವ ಮದ್ದುಗಳಿಂದ ಹೃದಯಾಘಾತ ಕಡಿಮೆಯಾಗಲಿಲ್ಲ, ಎಲ್‌ಡಿಎಲ್ ಇಳಿಸಿದರೆ ಆಗುತ್ತದೆ. ಹಿರಿಯರ ಮಾತು ಸರಿಯೇ, ಆದರೆ ಅವರು ಗದ್ದೆ ಉತ್ತು ತಿಂದದ್ದನ್ನು ನಾವು ಕುರ್ಚಿಯಲ್ಲಿ ಕೂತು ತಿನ್ನುತ್ತಿದ್ದೇವೆ.

ತೆಂಗು ಬಿಡಿ ಎಂದು ಉಡುಪಿಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅಳತೆ ಮಾಡಿದರೆ ಸಾಕು. ದಿನಕ್ಕೆ 1500 ಕ್ಯಾಲೊರಿ ತಿನ್ನುವ ಹಿರಿಯರಿಗೆ ಸ್ಯಾಚುರೇಟೆಡ್ ಕೊಬ್ಬಿನ ಮಿತಿ 16-17 ಗ್ರಾಂ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ 11-12 ಗ್ರಾಂ. ಕಾಯಿತುರಿ 100 ಗ್ರಾಮಿಗೆ 30 ಗ್ರಾಂ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದು ಕಾಯಿ ಎಂದರೆ, ತುರಿ ಸುಮಾರು 280 ಗ್ರಾಂ, ಒಬ್ಬರಿಗೆ 70 ಗ್ರಾಂ, ಕೊಬ್ಬು 21 ಗ್ರಾಂ. ಎಣ್ಣೆ, ತುಪ್ಪ, ಹಾಲು ಲೆಕ್ಕಕ್ಕೆ ಬರುವ ಮೊದಲೇ ಮಿತಿ ದಾಟಿತು.

ನಾಲ್ವರಿಗೆ ಅರ್ಧ ಕಾಯಿ ಮಾಡಿ, ಒಬ್ಬರಿಗೆ 10 ಗ್ರಾಂ. ಒಗ್ಗರಣೆಗೆ ಒಬ್ಬರ ಪಾಲಿಗೆ ಒಂದು ಸಣ್ಣ ಚಮಚ ತೆಂಗಿನೆಣ್ಣೆ, 4 ಗ್ರಾಂ. ಉಳಿದ ಅಡುಗೆಗೆ ಶೇಂಗಾ, ಎಳ್ಳೆಣ್ಣೆ ಅಥವಾ ಅಕ್ಕಿ ತೌಡಿನ ಎಣ್ಣೆ. ವಾರದಲ್ಲಿ ಮೂರು ದಿನ ಬೋಳು ಹುಳಿ, ಸಾರು, ಮಜ್ಜಿಗೆ ತಂಬುಳಿ ಎಂದಿಟ್ಟುಕೊಂಡರೆ ಗಸಿ ಮಾಡುವ ದಿನ ಮನಸ್ಸು ಕೊರಗುವುದಿಲ್ಲ. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ ಎಂದು ಹೆದರಿ ಬಿಡುವವರು ಅದರ ಘೀ ರೋಸ್ಟಿನ ತುಪ್ಪಕ್ಕೆ ಹೆದರುವುದಿಲ್ಲ. ಹೆದರಬೇಕಾದದ್ದು ತುಪ್ಪಕ್ಕೆ.

ಟ್ರೈಗ್ಲಿಸರೈಡ್ 210ಕ್ಕೆ ಕಾರಣ ಕಾಯಿಗಿಂತ ಅನ್ನ, ಸಕ್ಕರೆ, ಬೇಕರಿ, ಗಂಡಸರಲ್ಲಾದರೆ ಮದ್ಯ. ಕುಚ್ಚಲಕ್ಕಿ ಒಳ್ಳೆಯದೆಂದು ಎರಡು ಬಟ್ಟಲು ಗಂಜಿ ಉಂಡರೆ ಅಕ್ಕಿ ಅಕ್ಕಿಯೇ. ಅಕ್ಕಿಯನ್ನು ಬೇಯಿಸುವ ಮೊದಲು ಅಳೆಯಿರಿ, ಹೊತ್ತಿಗೆ 40 ಗ್ರಾಂ. ಜೊತೆಗೆ ಹೆಸರು ಅಥವಾ ಹುರುಳಿ, ಅಲಸಂಡೆ ಪಲ್ಯ ಅನ್ನದಷ್ಟೇ ಪ್ರಮಾಣದಲ್ಲಿ. ಬನ್ಸು, ಗೋಳಿಬಜೆ, ಸಕ್ಕರೆ ಹಾಕಿದ ಪುನರ್ಪುಳಿ ಶರಬತ್ತು ದಿನವಹಿ ಬೇಡ. ಬಸಳೆ, ಹರಿವೆ ಬೇಯಿಸಿ ನೀರು ಬಸಿದು ಬಳಸಿ, ಆಕ್ಸಲೇಟೂ ಪೊಟ್ಯಾಸಿಯಮೂ ನೀರಿನ ಜೊತೆ ಹೋಗುತ್ತವೆ.

ಮೀನುಪ್ರಿಯ_ಮಲ್ಪೆ:

ಭೂತಾಯಿ, ಬಂಗುಡೆ ಹೃದಯಕ್ಕೆ ಒಳ್ಳೆಯದು ಎಂಬುದು ನಿಜ ತಾನೇ? ಇದನ್ನೂ ಕಸಿಯಬೇಡಿ.

ಪಥ್ಯ_ಉಡುಪಿ:

ಕಸಿಯುವುದಿಲ್ಲ! ವಾರಕ್ಕೆರಡು ಸಲ ಇರಲಿ. ಪುಳಿಮುಂಚಿ ಮಾಡಿ, ಬಾಳೆಎಲೆಯಲ್ಲಿ ಬೇಯಿಸಿ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಬಂದ ಲಾಭ ಬಾಣಲೆಯಲ್ಲೇ ಉಳಿಯುತ್ತದೆ. ಗೌಟ್ ಇರುವವರಿಗೆ ಭೂತಾಯಿ ಕಡಿಮೆ. ಅಂಗಡಿಯ ಮೀನೆಣ್ಣೆ ಕ್ಯಾಪ್ಸೂಲ್ ಮೀನಿಗೆ ಬದಲಿಯಲ್ಲ, ಹೆಚ್ಚಿನ ಡೋಸಿನಲ್ಲಿ ಹೃದಯದ ಬಡಿತ ತಪ್ಪುವ ಅಪಾಯವೂ ಉಂಟು.

ಕಷ್ಟ ಬರುವುದು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ. ಆಗ ತಟ್ಟೆಗೆ ಒಣಮೀನು, ಉಪ್ಪಿನಕಾಯಿ, ಹಪ್ಪಳ, ಬಾಳಕ ಮೆಣಸು ಬರುತ್ತದೆ. ಆ ಎರಡು ತಿಂಗಳಲ್ಲಿ ಬಿಪಿ ಏರಿದರೆ, ಕಾಲು ಬಾತರೆ ಮದ್ದು ಬದಲಿಸುವ ಮೊದಲು ತಟ್ಟೆ ನೋಡಿ. ಒಣಮೀನು ನೆನೆಹಾಕಿ ನೀರು ಚೆಲ್ಲಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಬದಲಿಗೆ ಮೊಟ್ಟೆ, ಹುರುಳಿ.

ಉಪ್ಪಿನ ಲೆಕ್ಕಕ್ಕೆ ಒಂದು ಸುಲಭ ದಾರಿ: ತಲೆಗೆ ದಿನಕ್ಕೆ 5 ಗ್ರಾಂ. ನಾಲ್ವರಿಗೆ 20. ಹೊರಗಿನ ತಿಂಡಿಯನ್ನು ಬಿಟ್ಟರೂ ಒಂದು ಕಿಲೋ ಉಪ್ಪಿನ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನ ಪ್ಯಾಕೆಟ್ ಮೇಲೆ ತಾರೀಖು ಬರೆದಿಡಿ, ತಿಂಗಳಿಗೇ ಮುಗಿದರೆ ಉತ್ತರ ಅಲ್ಲೇ ಇದೆ.

ಕಿಡ್ನಿವಾರ್ಡ್_ಕುಡ್ಲ:

ಪಥ್ಯದವರಿಗೆ ಒಂದು ಸೇರ್ಪಡೆ. ಕಡಿಮೆ ಸೋಡಿಯಂ ಉಪ್ಪು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿಗೆ ಒಪ್ಪಿಗೆ ಕೊಟ್ಟದ್ದು ಆರೋಗ್ಯವಂತ ವಯಸ್ಕರಿಗೆ. ಕಿಡ್ನಿ ಕುಗ್ಗಿದವರನ್ನು ಅದರಿಂದ ಹೊರಗೇ ಇಟ್ಟಿದೆ. ಟೆಲ್ಮಿಸಾರ್ಟಾನ್ ಪೊಟ್ಯಾಸಿಯಂ ಹಿಡಿದಿಡುವ ಮದ್ದು, ಇಲ್ಲಿ ಆಗಲೇ 5.2 ಉಂಟು. ಇದರ ಮೇಲೆ ಆ ಉಪ್ಪೂ, ಸುಸ್ತೆಂದು ದಿನಾ ಎರಡು ಬೊಂಡವೂ (ಎಳನೀರು) ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಒಂದು ಲೋಟ, ಅಂದರೆ 250 ಮಿ.ಲೀ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಸುಮಾರು 600 ಮಿ.ಗ್ರಾಂ.

ಹಾಗೆಂದು ಟೆಲ್ಮಿಸಾರ್ಟಾನ್ ನಿಲ್ಲಿಸುವುದು ಉತ್ತರವಲ್ಲ. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿರುವಾಗ ಕಿಡ್ನಿ ಉಳಿಸುವುದೇ ಅದು. ಶುರುಮಾಡಿ ಅಥವಾ ಡೋಸ್ ಏರಿಸಿ 2ರಿಂದ 4 ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಕ್ರಿಯಾಟಿನಿನ್ 30 ಶೇಕಡಾವರೆಗೆ ಏರಿದರೆ ಒಪ್ಪಿಕೊಳ್ಳಬಹುದು. ಅದನ್ನು ನೋಡಿ ಗಾಬರಿಯಿಂದ ಮದ್ದು ಬಿಡಿಸುವುದು ನಾವು ಕಾಣುವ ದೊಡ್ಡ ತಪ್ಪು.

ಈ ಚೀಟಿಯಲ್ಲಿ ಇಲ್ಲದ, ಇರಬೇಕಾದ ಮದ್ದು ಡಪಾಗ್ಲಿಫ್ಲೋಜಿನ್ 10 ಅಥವಾ ಎಂಪಾಗ್ಲಿಫ್ಲೋಜಿನ್ 10. ಸಕ್ಕರೆಗೆ ಎಂದು ಬಂದವು, ಈಗ ಕಿಡ್ನಿ, ಹೃದಯ ಎರಡಕ್ಕೂ ಕೊಡುತ್ತಾರೆ. ಪೇಟೆಂಟ್ ಮುಗಿದದ್ದರಿಂದ (ಡಪಾಗ್ಲಿಫ್ಲೋಜಿನ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರ ಮಾರ್ಚಿನಲ್ಲಿ) ಬೆಲೆಯೂ ಇಳಿದಿದೆ. ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿದು ನಿಲ್ಲುತ್ತದೆ, ಹೆದರಬಾರದು. ಜನನಾಂಗದಲ್ಲಿ ತುರಿಕೆ, ಫಂಗಸ್ ಬರಬಹುದು, ಪ್ರತಿ ಸಲ ನೀರಿನಲ್ಲಿ ತೊಳೆದು ಒರೆಸಿಕೊಳ್ಳಲು ಹೇಳಿ. ಇದನ್ನು ಶುರುಮಾಡುವಾಗ ಗ್ಲಿಮೆಪಿರೈಡ್ ಇಳಿಸುವ ಬಗ್ಗೆ ಕೇಳಿ. ಕಿಡ್ನಿ ಕುಗ್ಗಿದಂತೆ ಅದು ಮೈಯಲ್ಲಿ ಹೆಚ್ಚು ಹೊತ್ತು ನಿಂತು ಬೆಳಗಿನ ಜಾವ ಸಕ್ಕರೆ ಕುಸಿಯುತ್ತದೆ. ಮೆಟ್‌ಫಾರ್ಮಿನ್ ಇಜಿಎಫ್‌ಆರ್ 45ರ ಕೆಳಗೆ ಇಳಿದರೆ ಅರ್ಧ, 30ರ ಕೆಳಗೆ ಪೂರ್ತಿ ಬಂದ್.

ವಾಂತಿ, ಭೇದಿ, ಊಟ ಸೇರದ ಜ್ವರ ಬಂದ ದಿನ ಡಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್ ನಾಲ್ಕನ್ನೂ ತಾತ್ಕಾಲಿಕವಾಗಿ ನಿಲ್ಲಿಸುವ ಸೂಚನೆ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಮತ್ತೆ ಸರಿಯಾಗಿ ಉಂಡು ಕುಡಿದು 24ರಿಂದ 48 ಗಂಟೆ ಆದ ಮೇಲೆ ಶುರು. ಸ್ಟ್ಯಾಟಿನ್ ಆ ಪಟ್ಟಿಯಲ್ಲಿಲ್ಲ.

ಮನೆಆರೈಕೆ_ಬಂಟ್ವಾಳ:

ಬಿಪಿ ಬಗ್ಗೆ ನನ್ನ ಕಡೆಯಿಂದ ಒಂದು ಮಾತು. 148 ನೋಡಿ ಡೋಸ್ ಏರಿಸುವ ಮೊದಲು ನಿಲ್ಲಿಸಿ ಅಳೆಯಿರಿ. ಐದು ನಿಮಿಷ ಕೂರಿಸಿ ಒಮ್ಮೆ, ಎದ್ದು ನಿಂತು ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ. ಮೇಲಿನ ಅಂಕಿ 20, ಅಥವಾ ಕೆಳಗಿನದ್ದು 10 ಇಳಿದರೆ ರಾತ್ರಿ ಬಚ್ಚಲಿಗೆ ಏಳುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ಇವರೇ.

ಇನ್ನೊಂದು ಪ್ರಶ್ನೆ. 85 ದಾಟಿ ಹಾಸಿಗೆ ಹಿಡಿದವರಿಗೂ ಇದೇ ಗುರಿಗಳಾ?

ಕಿಡ್ನಿವಾರ್ಡ್_ಕುಡ್ಲ:

ಅಲ್ಲ. ಹೃದಯಾಘಾತ, ಪಾರ್ಶ್ವವಾಯು ಆದವರು ತಿನ್ನುತ್ತಿರುವ ಸ್ಟ್ಯಾಟಿನ್ ತಡೆದುಕೊಳ್ಳುತ್ತಿದ್ದರೆ ಮುಂದುವರಿಸಬಹುದು. ಏನೂ ಆಗದ, ತೀರಾ ಸೊರಗಿದವರಿಗೆ ಹೊಸದಾಗಿ ಶುರುಮಾಡುವುದರಲ್ಲಿ ಅರ್ಥ ಕಡಿಮೆ, ಅದರ ಫಲ ಕಾಣಲು ವರ್ಷಗಳು ಬೇಕು. ಡಯಾಲಿಸಿಸ್ ಶುರುವಾದವರಿಗೂ ಹಾಗೆಯೇ: ತಿನ್ನುತ್ತಿದ್ದರೆ ಇರಲಿ, ಹೊಸದಾಗಿ ಬೇಡ. ಎಚ್‌ಬಿಎ1ಸಿ ಗುರಿ 8ರವರೆಗೆ ಸಡಿಲ. ಮದ್ದೇ ಇಲ್ಲದೆ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತಾ ಹೋದರೆ ಖುಷಿಪಡುವ ವಿಷಯವಲ್ಲ, ತೂಕ ನೋಡಿ, ಕಾರಣ ಹುಡುಕಿ.

ಪ್ರೋಟೀನ್ ಬಗ್ಗೆಯೂ ಹೇಳುತ್ತೇನೆ. ಕಿಡ್ನಿ ಎಂದ ಕೂಡಲೇ ಬೇಳೆ, ಮೀನು ಎಲ್ಲ ಬಿಡಿಸಿ ಬರೇ ಗಂಜಿ ತೆಳಿ ಕೊಡುತ್ತಾರೆ. ಬೇಡ. ತೂಕದ ಕಿಲೋಗೆ 0.8 ಗ್ರಾಂ ಬೇಕೇ ಬೇಕು, 54 ಕಿಲೋಗೆ ದಿನಕ್ಕೆ 43 ಗ್ರಾಂ. ಒಂದು ಮೊಟ್ಟೆ 6, ಒಂದು ಲೋಟ ಹಾಲು 6, 100 ಗ್ರಾಂ ಮೀನು 18ರಿಂದ 20.

ಪಥ್ಯ_ಉಡುಪಿ:

ಇದು ಸಸ್ಯಾಹಾರಿ ಮನೆಗಳಲ್ಲಿ ಇನ್ನೂ ಕಷ್ಟ. ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ, ಬೇಳೆಕಾಳು ಇಲ್ಲ. ಆ ತಿಂಗಳು ಹಾಲು, ಮೊಸರು ಹೆಚ್ಚಿಸಿ ಸರಿದೂಗಿಸಬೇಕು. ಪೊಟ್ಯಾಸಿಯಂ, ಫಾಸ್ಫರಸ್ ಹೆಚ್ಚಿರುವವರು ಕೇಳಿಕೊಂಡು ಮಾಡಲಿ.

ಔಷಧಶಾಲೆ_ಕುಂದಾಪುರ:

ಒಂದು ತುರ್ತು ಮಾತು ಇಲ್ಲೇ ಸೇರಿಸುತ್ತೇನೆ. ಸಕ್ಕರೆ ಇರುವ ಪ್ರಾಯದವರಿಗೆ ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ. ಏದುಸಿರು, ತಣ್ಣಗಿನ ಬೆವರು, ದವಡೆ ನೋವು, ಹೊಟ್ಟೆಯ ಮೇಲ್ಭಾಗದ ಉರಿ. "ಗ್ಯಾಸ್" ಎಂದು ಜೀರಿಗೆ ಕಷಾಯ ಕೊಟ್ಟು ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ತಾಲೂಕು ಆಸ್ಪತ್ರೆಗಳಲ್ಲಿ ಉಂಟು.

ರಥಬೀದಿ_ಉಡುಪಿ:

ಏಕಾದಶಿ ವಿಷಯ ಯಾರೂ ಎತ್ತಲಿಲ್ಲ. ಮಾದರಿ ರಿಪೋರ್ಟಿನಂಥವರು ನೀರೂ ಮುಟ್ಟದೆ ಉಪವಾಸ ಮಾಡುತ್ತಾರೆ. ಮದ್ದು ತಿಂದರೆ ವ್ರತಭಂಗ ಎಂದು ಹಟ. ಹೇಗೆ ಒಪ್ಪಿಸುವುದು?

ಪಥ್ಯ_ಉಡುಪಿ:

ಶಾಸ್ತ್ರದಿಂದಲೇ ಒಪ್ಪಿಸಬಹುದು. ಉಪವಾಸದ ಕಡ್ಡಾಯ ಹೇಳಿದ್ದು 8 ವರ್ಷ ದಾಟಿದ, 80 ತುಂಬದವರಿಗೆ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧ, ಗುರುವಿನ ಮಾತು ಇವುಗಳಿಂದ ವ್ರತ ಕೆಡುವುದಿಲ್ಲ ಎಂದೂ ಹೇಳಿದೆ. ಮನೆಯವರು ಹೇಳಿದರೆ ಕೇಳದಿದ್ದರೆ ಪುರೋಹಿತರ ಬಾಯಿಂದ ಹೇಳಿಸಿ.

ಕಿಡ್ನಿವಾರ್ಡ್_ಕುಡ್ಲ:

ಇಜಿಎಫ್‌ಆರ್ 48 ಇರುವವರಿಗೆ ನಿರ್ಜಲ ಉಪವಾಸ ಕೂಡದು, ಇದರಲ್ಲಿ ರಾಜಿ ಇಲ್ಲ. ನೀರು, ಹಾಲು, ಹಣ್ಣಿನಲ್ಲಿ ಮಾಡುವುದಾದರೆ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಆ ದಿನ ಗ್ಲಿಮೆಪಿರೈಡ್ ಇಲ್ಲ, ಊಟ ಇಲ್ಲದ ಹೊತ್ತಿನ ಮೆಟ್‌ಫಾರ್ಮಿನ್ ಇಲ್ಲ, ಡಪಾಗ್ಲಿಫ್ಲೋಜಿನ್, ಕ್ಲೋರ್ಥಾಲಿಡೋನ್ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿ ಪೂರ್ತಿ ನಿಲ್ಲಿಸಬಾರದು, ಡೋಸ್ ಕೇಳಿ ಇಳಿಸಬೇಕು. ಗ್ಲೂಕೋಮೀಟರಿನಲ್ಲಿ 70ರ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ವ್ರತ ಅಲ್ಲಿಗೆ ಮುಗಿಯಿತು.

ಮರುದಿನ ದ್ವಾದಶಿ ಪಾರಣೆಗೆ ತಪ್ಪಿದ ಮಾತ್ರೆಗಳನ್ನು ಸೇರಿಸಿ ಎರಡೆರಡು ನುಂಗಿಸಬೇಡಿ. ಆ ದಿನದ್ದು ಮಾತ್ರ, ಊಟ ಶುರುವಾದ ಮೇಲೆ.